ಅಳಿಯನ ಸಾಲನ್ನು ನಾನು ತುಂಬಿದ್ದು

ನಮ್ಮೂರಿನಲ್ಲಿ ಬಿತ್ತನೆಯ ಸಾಲು ನೆಟ್ಟಗೆ ಬರಬೇಕೆಂದರೆ ನನ್ನನ್ನೇ ಕರೆಯಬೇಕು ಎಂಬ ಮಾತಿತ್ತು. ಆ ಮಾತನ್ನು ಊರವರು ಆಡುತ್ತಿದ್ದರು ಎಂದು ಬರೆಯಲು ನನಗೆ ಆಸೆ. ನಿಜ ಹೇಳಬೇಕೆಂದರೆ ಹೆಚ್ಚು ಸಲ ಆಡುತ್ತಿದ್ದವನು ನಾನೇ. ಆರನೇ ಕ್ಲಾಸಿನ ಅರ್ಧದಲ್ಲಿ ಸ್ಲೇಟು ಬಿಟ್ಟು, ಬೀಜ ಬಿತ್ತುವ ಕೂರಿಗೆ ಹಿಡಿದವನು ನಾನು. ಲೆಕ್ಕದ ಮೇಷ್ಟ್ರು ಹಲಗೆಯ ಮೇಲೆ ಎಳೆಯುತ್ತಿದ್ದ ಗೆರೆಯೇ ಸೊಟ್ಟಗಿರುತ್ತಿತ್ತು, ಅಂಥವರ ಹತ್ತಿರ ಕಲಿಯುವುದೇನಿದೆ ಎಂದು ಬಿಟ್ಟೆ ಅಂತ ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದೆ. ಅವಳು ನಮ್ಮವ್ವನನ್ನು ಕೇಳಿ, ಭಾಗಾಕಾರ ಶುರುವಾದ ದಿನವೇ ಬಿಟ್ಟಿದ್ದು ಎಂದು ತಿಳಿದುಕೊಂಡಳು.

ನಮ್ಮಪ್ಪ ನನಗೆ ಕಲಿಸಿದ ದೊಡ್ಡ ಪಾಠವೆಂದರೆ ಹೊಲದಲ್ಲಿ ಖಾಲಿ ಕಾಣಬಾರದು ಎಂಬುದು. ಬೀಜ ಹುಟ್ಟಿದ ವಾರಕ್ಕೆ ಮನೆಮಂದಿಯೆಲ್ಲ ಬಗ್ಗಿ ಹೊಲ ಸುತ್ತಬೇಕು. ಒತ್ತಾಗಿ ಬಂದ ಕಡೆಯಿಂದ ಪೈರು ಕಿತ್ತು ಬಾರದ ಕಡೆ ಊರಬೇಕು. ಪೈರು ಸಿಗದಿದ್ದರೆ ಮೊಳಕೆ ಬಂದ ಬೀಜವನ್ನಾದರೂ ಹೆಬ್ಬೆರಳಿನಲ್ಲಿ ಒತ್ತಬೇಕು. ಖಾಲಿ ಬಿದ್ದ ಹೊಲವೆಂದರೆ ಅಪ್ಪನ ಕಣ್ಣಿಗೆ ಮುಂದಿನ ಹಲ್ಲು ಉದುರಿದ ಬಾಯಿ. ಈ ಪಾಠ ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ, ನೆಂಟರ ಊರಿಗೆ ಹೋದಾಗಲೂ ಅವರ ರಾಗಿ ಹೊಲಕ್ಕಿಳಿದು ಖಾಲಿ ತುಂಬುತ್ತಿದ್ದೆ. ಸಾತನೂರಿನ ಹತ್ತಿರದ ಭಾವಮೈದುನನೊಬ್ಬ, ‘ಭಾವ, ಊಟ ಮಾಡ್ಕೊಂಡು ಓಗಿ, ಒಲ ನಮ್ದು’ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಅಲ್ಲಿ ಮಾತ್ರ ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಬಿಡದಿ ಕಡೆ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಏಳುತ್ತಿದ್ದವು. ನಮ್ಮೂರು ಮಾಗಡಿ ತಾಲ್ಲೂಕಿನದು. ಅಲ್ಲಿಂದಲೂ ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು ಹೊರಡುತ್ತಿತ್ತು. ನನ್ನ ತಮ್ಮನೂ ಅದರಲ್ಲೇ. ಬಿಡಿಭಾಗ ಮಾಡುವ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಅವನಿಗೆ ಮಾಲು ತಪಾಸಣೆ ಮಾಡುವ ಕೆಲಸ. ನೀಲಿ ಅಂಗಿ, ಕುತ್ತಿಗೆಯಲ್ಲಿ ಫೋಟೋ ಇರುವ ಕಾರ್ಡು. ಬಸ್ಸು ಕೆರೆ ಏರಿಯ ಮೇಲೆ ಹೋಗುವಾಗ ಕೆಳಗೆ ಮೊದಲು ಕಾಣುವುದು ನಮ್ಮ ಗದ್ದೆ. ವ್ಯವಸಾಯ ಯಾರು ಬಿಟ್ಟರೂ ನಾನು ಬಿಡುವವನಲ್ಲ ಎಂದು ತೋರಿಸಿಕೊಳ್ಳಲು ನನಗಿದ್ದದ್ದು ಆ ಬಸ್ಸಿನ ಕಿಟಕಿಗಳೇ. ಪೈರಿಗೆ ನೀರು ಕಟ್ಟುವುದಕ್ಕೂ ನಾನು ಸರಿಯಾಗಿ ಆರೂವರೆಗೇ ಹೋಗುತ್ತಿದ್ದೆ.

ಅಂಥ ದಿನಗಳಲ್ಲಿ ಕೃಷಿ ಕಾಲೇಜಿನಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ಹುಡುಗಿಯೊಬ್ಬರು ಊರಿಗೆ ಬಂದರು. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ನಾವು ಮೇಡಂ ಎನ್ನುತ್ತಿದ್ದೆವು. ಅವರು ನನ್ನನ್ನು ಯಜಮಾನ್ರೇ ಎಂದರು. ನನಗಿನ್ನೂ ನಲವತ್ತು ತುಂಬಿರಲಿಲ್ಲ. ಆದರೂ ಆ ಮಾತಿಗೆ ಮೀಸೆ ತಿರುವಿಕೊಂಡೆ. ಅವರು ಕಾರ್ತೀಕದಲ್ಲಿ ನಾಲ್ಕೈದು ಊರುಗಳ ಗದ್ದೆಗಳಲ್ಲಿ ಕೋಲು ನೆಟ್ಟು ಥರ್ಮಾಮೀಟರು ಕಟ್ಟಿ, ಎರಡು ವಾರ ಓಡಾಡಿ, ಕೊನೆಗೆ ನಮ್ಮ ಕೆರೆ ಕೆಳಗಿನ ಗದ್ದೆಯೇ ಬೇಕೆಂದರು. ಒಂದು ಬೆಳೆಯ ಮಟ್ಟಿಗೆ ನಾಲ್ಕು ಗುಂಟೆ.

ನಾನು ತಮ್ಮನಿಗೆ ಹೇಳಿದೆ: ‘ಐದೂರು ಸುತ್ತಿ ನನ್ನ ಗದ್ದೆನೇ ಬೇಕು ಅಂದ್ರು ಕಣ್ಲಾ. ಯಾಕೇಳು?’

‘ಯಾಕಣ್ಣ?’

‘ಕೆಲ್ಸ ನೋಡಿ ಕಣ್ಲಾ, ಕೆಲ್ಸ! ಕಾರ್ಡು ನೇತಾಕ್ಕಂಡ್ರೆ ಬರಕಿಲ್ಲ ಇದು.’

ತಮ್ಮ ತರಲೆ. ಭಾನುವಾರ ಮೇಡಂ ಬಂದಾಗ ನನ್ನ ಎದುರಿಗೇ ಕೇಳಿದ: ‘ಮೇಡಂ, ನಮ್ಮಣ್ಣನ ಗದ್ದೆನೇ ಯಾಕೆ ಆರಿಸ್ಕಂಡ್ರಿ?’

ಅವರು ಕಪಟವಿಲ್ಲದ ಹೆಣ್ಣುಮಗಳು. ‘ಇದು ಬಟ್ಟಲಿನ ತಳ ಇದ್ದಹಾಗಿದೆ. ಸುತ್ತಲಿನ ದಿಬ್ಬದಿಂದ ತಣ್ಣನೆ ಗಾಳಿ ಇಳಿದು ಬಂದು, ಹೊರಗೆ ಹೋಗೋಕೆ ದಾರಿ ಇಲ್ಲದೆ ಇಲ್ಲೇ ಕೂತ್ಕೊಳ್ಳುತ್ತೆ. ಬೀಜ ಹುಟ್ಟೋಕೆ ಇದಕ್ಕಿಂತ ಕೆಟ್ಟ ಜಾಗ ನಮಗೆ ಎಲ್ಲೂ ಸಿಗಲಿಲ್ಲ’ ಎಂದರು.

ತಮ್ಮ ಏರಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡ. ಮುಂದಿನ ಒಂದು ವಾರ ಮನೆಯಲ್ಲಿ ಊಟಕ್ಕೆ ಕರೆಯುವಾಗ, ‘ಕೆಟ್ಟ ಜಾಗದ ಯಜಮಾನ್ರು ಬರ್ಬೇಕು’ ಎನ್ನುತ್ತಿದ್ದ.

ಮೇಡಂ ಓದುತ್ತಿದ್ದ ವಿಷಯ ಹೀಗಿತ್ತು. ಬೇಸಿಗೆ ಭತ್ತಕ್ಕೆ ನಾವು ಧನುರ್ಮಾಸದ ಚಳಿಯಲ್ಲಿ ಬೀಜ ಹಾಕಬೇಕು. ಕೆಲವು ತಳಿ ಆ ಚಳಿಯಲ್ಲೂ ಹುಟ್ಟುತ್ತವೆ, ಕೆಲವು ಮಣ್ಣಿನೊಳಗೇ ಕೊಳೆಯುತ್ತವೆ. ಯಾಕೆ? ಆ ಗುಣ ತಾಯಿಯಿಂದ ಮಕ್ಕಳಿಗೆ ಹೇಗೆ ಇಳಿಯುತ್ತದೆ? ಅವರ ಹತ್ತಿರ ಎರಡು ತಳಿಗಳಿದ್ದವು. ಎರಡಕ್ಕೂ ಹೆಸರಿಲ್ಲ, ಬರೀ ನಂಬರು. ನಂಬರು ನನ್ನ ತಲೆಗೆ ಹೋಗುವ ವಸ್ತುವಲ್ಲವಾದ್ದರಿಂದ ನಾನೇ ನಾಮಕರಣ ಮಾಡಿದೆ. ಗಿಡ್ಡನೆಯ, ಒಳ್ಳೆಯ ಇಳುವರಿ ಕೊಡುವ, ಆದರೆ ಚಳಿಯಲ್ಲಿ ಹುಟ್ಟದ ತಳಿಗೆ ಅಳಿಯ ಎಂದು ಇಟ್ಟೆ. ಹಬ್ಬಕ್ಕೆ ಬಂದ ಅಳಿಯ ಹಾಗೆಯೇ. ಸ್ನಾನಕ್ಕೆ ನೀರು ಕಾದು ಆರಿದರೂ ಕಂಬಳಿಯಿಂದ ಎದ್ದಿರುವುದಿಲ್ಲ. ಇನ್ನೊಂದು ಬೆಟ್ಟದ ಕಡೆಯ ಕೆಂಪಕ್ಕಿ. ಇಳುವರಿ ಅಷ್ಟಕ್ಕಷ್ಟೆ, ಆದರೆ ಎಂಥ ಚಳಿಗೂ ಏಳುತ್ತದೆ. ಅದಕ್ಕೆ ಕೆಂಪಿ ಎಂದೆ. ಮೇಡಂ ಅಳಿಯನಿಗೂ ಕೆಂಪಿಗೂ ಕಾಲೇಜಿನಲ್ಲಿ ಮದುವೆ ಮಾಡಿಸಿ, ಮಕ್ಕಳು ಮೊಮ್ಮಕ್ಕಳ ಬೀಜವನ್ನು ಒಂದೊಂದು ತಾಯಿಗಿಡಕ್ಕೆ ಒಂದೊಂದು ಪೊಟ್ಟಣದಂತೆ ಕಟ್ಟಿಟ್ಟುಕೊಂಡಿದ್ದರು. ಒಂದು ಪೊಟ್ಟಣದಲ್ಲಿ ಅರ್ಧ ಬೀಜ ತೆಗೆದು ಒಂದು ಸಾಲು ಬಿತ್ತುವುದು. ಯಾವ ಸಾಲಿನಲ್ಲಿ ಎಷ್ಟು ಹುಟ್ಟಿತು ಎಂದು ಎಣಿಸುವುದು.

ನಾನು ಬುದ್ಧಿವಂತನ ಹಾಗೆ ಕೇಳಿದೆ: ‘ಅಂದ್ರೆ ಮೇಡಂ, ಕೆಂಪಿ ಗುಣ ಬಂದಿದ್ರೆ ಹುಟ್ತದೆ, ಬರದಿದ್ರೆ ಇಲ್ಲ. ಎರಡರಲ್ಲಿ ಒಂದು. ಅಷ್ಟೇ ತಾನೆ?’

‘ಅಷ್ಟೇ ಆಗಿದ್ದಿದ್ರೆ ನನ್ನ ಓದು ಯಾವಾಗಲೋ ಮುಗೀತಿತ್ತು ಯಜಮಾನ್ರೇ’ ಎಂದು ನಕ್ಕರು. ‘ಆ ಗುಣ ಒಂದೇ ಕಡೆ ಇರಲ್ಲ. ಹತ್ತಾರು ಕಡೆ ಚೂರುಚೂರು ಹಂಚಿಕೊಂಡಿರುತ್ತೆ. ಒಂದು ಮಗುಗೆ ಮೂರು ಚೂರು ಸಿಕ್ಕಿರುತ್ತೆ, ಇನ್ನೊಂದಕ್ಕೆ ಏಳು. ನೀವು ಬೈತೀರಲ್ಲ, ಆ ಅಳಿಯನ ಹತ್ತಿರಾನೂ ಕೆಂಪಿಯ ಹತ್ತಿರ ಇಲ್ಲದ ಒಂದೆರಡು ಒಳ್ಳೇ ಚೂರು ಇರಬಹುದು. ಅದೂ ಇದೂ ಸೇರಿದ ಒಂದು ಸಾಲು ಸಿಕ್ಕರೆ ಅದು ಕೆಂಪಿಯನ್ನೂ ಮೀರಿಸಬಹುದು. ಅದನ್ನೇ ನಾನು ಹುಡುಕ್ತಿರೋದು.’

ಚಪ್ಪರ ಎತ್ತುವಾಗ ಹತ್ತು ಜನ ಕೈ ಹಾಕಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಇಬ್ಬರು ಬರದಿದ್ದರೂ ಚಪ್ಪರ ಏಳುತ್ತದೆ, ಆರು ಜನ ಬರದಿದ್ದರೆ ಏಳುವುದಿಲ್ಲ.

ಚಳಿಗೆ ಬೀಜದ ಒಳಗೆ ಏನಾಗುತ್ತದೆ ಎಂಬುದು ಮಾತ್ರ ನನಗೆ ನನ್ನ ಹೆಂಡತಿಯಿಂದ ತಿಳಿಯಿತು. ಒಂದು ಬೆಳಿಗ್ಗೆ ಮೇಡಂ ನಮ್ಮ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಇವಳು ತಲೆಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿಲಿಗೆ ಹಿಡಿದಿದ್ದಳು. ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ‘ಈ ಚಳೀಲಿ ಇದು ಇಳಿಯಕಿಲ್ಲ ಕಣವ್ವ. ಉಚ್ಚೆಳ್ಳೆಣ್ಣೆ ನೋಡು, ಎಂಗೆ ಅರೀತದೆ’ ಎಂದಳು. ಮೇಡಂ ಲೋಟ ಕೆಳಗಿಟ್ಟು ಎರಡೂ ಸೀಸೆ ಕೈಗೆ ತೆಗೆದುಕೊಂಡರು. ‘ಇದೇ! ಇದನ್ನೇ ಹೇಳೋಕೆ ನಮ್ಮ ಸರ್ ಒಂದು ಗಂಟೆ ಪಾಠ ಮಾಡ್ತಾರೆ’ ಎಂದರು. ಬೀಜದೊಳಗಿನ ಒಂದೊಂದು ಕಣದ ಸುತ್ತಲೂ ಜಿಡ್ಡಿನ ತೆಳುವಾದ ಪೊರೆ ಇರುತ್ತದಂತೆ. ಕೆಲವು ಬೀಜಗಳ ಜಿಡ್ಡು ಕೊಬ್ಬರಿ ಎಣ್ಣೆಯಂಥದು. ಚಳಿಗೆ ಬಿಗಿದುಕೊಂಡು, ಬೀಜ ನೀರು ಕುಡಿಯುವಾಗ ಪೊರೆ ಸೀಳಿ ಒಳಗಿನ ಸತ್ವವೆಲ್ಲ ಸೋರಿಹೋಗುತ್ತದೆ. ಕೆಲವದರ ಜಿಡ್ಡು ಹುಚ್ಚೆಳ್ಳೆಣ್ಣೆಯಂಥದು, ಬಿಗಿಯುವುದಿಲ್ಲ. ‘ಚೂರುಗಳಲ್ಲಿ ಇದೂ ಒಂದು’ ಎಂದರು. ಅಂದಿನಿಂದ ನನ್ನ ಹೆಂಡತಿ ನನ್ನನ್ನು ಕಾಲೇಜಿಗೆ ಹೋಗದವನ ಹಾಗೆ ನೋಡತೊಡಗಿದಳು, ತಾನು ಹೋಗಿ ಬಂದವಳ ಹಾಗೆ.

ಧನುರ್ಮಾಸದ ಮೊದಲ ವಾರ ಬಿತ್ತಿದೆವು. ಮೇಡಂಗೆ ಅವತ್ತು ಜ್ವರ. ಆದರೂ ದಾರ ಕಟ್ಟಿ, ಗುರುತು ಹಾಕಿದ ಕಡ್ಡಿಯಿಂದ ಕುಳಿ ಒತ್ತಿ, ಸಾಲಿಗೆ ನಲವತ್ತು ಬೀಜದ ಹಾಗೆ ಒಂದೊಂದಾಗಿ ಬಿಟ್ಟರು. ನಾನು ಕಣ್ಣಳತೆಯಲ್ಲೇ ಮಾಡುತ್ತೇನೆ ಅಂದರೆ ಒಪ್ಪಲಿಲ್ಲ. ಹತ್ತು ಸಾಲಿಗೊಮ್ಮೆ ಒಂದು ಅಳಿಯನ ಸಾಲು, ಒಂದು ಕೆಂಪಿಯ ಸಾಲು, ಹೋಲಿಸಿ ನೋಡುವುದಕ್ಕೆ. ಎಲ್ಲ ಮುಗಿದ ಮೇಲೆ ನನ್ನ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟರು.

‘ದಿನಾ ಬೆಳಿಗ್ಗೆ ಥರ್ಮಾಮೀಟರ್ ನೋಡಿ ಬರೀರಿ. ನೀರು ನೋಡ್ಕೊಳ್ಳಿ, ಹಕ್ಕಿ ಓಡಿಸಿ. ಬೇರೆ ಏನೂ ಮಾಡಬೇಡಿ. ನಾನು ಇಪ್ಪತ್ತೊಂದನೇ ದಿನಕ್ಕೆ ಎಣಿಸೋಕೆ ಬರ್ತೀನಿ. ಹೋದ ವರ್ಷ ಕನಕಪುರದ ಹತ್ತಿರ ಹಾಕಿದ್ದು ಅಕಾಲದ ಮಳೆಗೆ ಕೊಚ್ಚಿ ಹೋಯ್ತು. ನನಗೆ ಉಳಿದಿರೋದು ಇದೊಂದೇ ಚಳಿಗಾಲ ಯಜಮಾನ್ರೇ. ಇದೂ ಹೋದ್ರೆ ನನ್ನ ಓದು ಅಲ್ಲಿಗೇ ನಿಲ್ಲುತ್ತೆ.’

‘ನನ್ ಕೈಗೆ ಕೊಟ್ಟಿದೀರಲ್ಲ, ಬುಡಿ ಮೇಡಂ’ ಎಂದೆ. ಬೇರೆ ಏನೂ ಮಾಡಬೇಡಿ ಎಂಬ ಮಾತನ್ನು, ಮನೆಗೆ ಬಂದ ನೆಂಟರು ‘ಕಾಫಿ ಏನೂ ಬೇಡ’ ಎನ್ನುತ್ತಾರಲ್ಲ, ಹಾಗೆ ತೆಗೆದುಕೊಂಡೆ. ನೆಂಟರು ಹಾಗೆಂದರು ಅಂತ ಯಾರಾದರೂ ಕಾಫಿ ಕೊಡದೆ ಕಳಿಸುತ್ತಾರೆಯೇ?

ಹತ್ತು ದಿನಕ್ಕೆ ಕೆಂಪಿಯ ಸಾಲುಗಳು ಹಸಿರು ದಾರ ಎಳೆದ ಹಾಗೆ ಎದ್ದವು. ಉಳಿದವುಗಳಲ್ಲಿ ಕೆಲವು ಪರವಾಗಿಲ್ಲ, ಕೆಲವು ಅಲ್ಲೊಂದು ಇಲ್ಲೊಂದು. ಅಳಿಯನ ಸಾಲುಗಳಲ್ಲಿ ಬರೀ ಮಣ್ಣು. ನಾಲ್ಕು ಗುಂಟೆಯೂ ಸೇರಿ, ಹಜಾಮರವನು ಅರ್ಧಕ್ಕೆ ಎದ್ದು ಹೋದ ತಲೆಯ ಹಾಗೆ ಕಾಣುತ್ತಿತ್ತು. ಬಸ್ಸು ಏರಿಯ ಮೇಲೆ ಬಂದರೆ ನಾನು ಬದುವಿನ ಹಿಂದೆ ಬಗ್ಗಿಕೊಳ್ಳುವ ಹಾಗಾಯಿತು. ತಮ್ಮ ಸಂಜೆ ಬಂದು ಹೇಳಿದ:

‘ಅಣ್ಣ, ಬಸ್ಸಲ್ಲಿ ಕೇಳ್ತಾವ್ರೆ. ನಿಮ್ಮಣ್ಣ ಬೀಜ ಬಿತ್ತವ್ನೋ, ಹುರಿದು ಬಿತ್ತವ್ನೋ ಅಂತ.’

‘ಯಾವನ್ಲಾ ಅಂದೋನು?’

‘ಎಲ್ರೂವೆ.’

ಅವತ್ತೇ ನಮ್ಮ ಮನೆಯ ಭತ್ತ ನೆನೆಸಿದೆ. ಚೀಲದಲ್ಲಿ ಕಟ್ಟಿ ತಿಪ್ಪೆಯ ಬಿಸಿಗೆ ಹೂತಿಟ್ಟೆ. ಮೂರನೆಯ ದಿನ ಮೊಳಕೆ ಒಡೆದು ಚೀಲ ಬೆಚ್ಚಗೆ ಉಸಿರಾಡುತ್ತಿತ್ತು. ಆಮೇಲೆ ಐದು ಬೆಳಗು, ಬಸ್ಸು ಬರುವುದಕ್ಕೆ ಮುಂಚೆ, ಮಂಡಿಯೂರಿ ಒಂದೊಂದು ಖಾಲಿಗೂ ಹೆಬ್ಬೆರಳಿನಲ್ಲಿ ಒಂದೊಂದು ಮೊಳಕೆ ಒತ್ತಿದೆ. ಕೈಬೆರಳು ಮರಗಟ್ಟುತ್ತಿತ್ತು, ಮೂಗು ಸೋರುತ್ತಿತ್ತು. ಅಳಿಯನ ಸಾಲುಗಳಿಗೆ ವಿಶೇಷ ಉಪಚಾರ. ಪಾಪ ಅದರದೇನು ತಪ್ಪು ಎಂದು ಎರಡೆರಡು ಚಿಟಿಕೆ ಹಟ್ಟಿಗೊಬ್ಬರದ ಪುಡಿಯನ್ನೂ ಉದುರಿಸಿದೆ. ಪ್ರತಿ ದಿನವೂ ಗದ್ದೆಯಿಂದ ಏಳುವ ಮುಂಚೆ ಥರ್ಮಾಮೀಟರ್ ನೋಡಿ, ಅಕ್ಷರ ದುಂಡಗೆ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದೆ. ನನ್ನಷ್ಟು ನಿಯತ್ತಿನ ಮನುಷ್ಯ ಆ ಕಾಲೇಜಿಗೆ ಸಿಕ್ಕಿರಲಾರ ಎಂದು ನನಗೇ ನನ್ನ ಮೇಲೆ ಗೌರವ ಬಂತು.

ಇಪ್ಪತ್ತೊಂದನೆಯ ದಿನ ಮೇಡಂ ಬಂದರು. ನಾನು ಒಗೆದ ಅಂಗಿ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದೆ. ಗದ್ದೆ ಚಾಪೆ ಹಾಸಿದಂತಿತ್ತು. ಅವರು ಮೊದಲ ಸಾಲು ಎಣಿಸಿದರು, ಬರೆದರು. ಎರಡನೆಯದು, ಮೂರನೆಯದು. ಮುಖ ಅರಳಿತು. ಕೆಂಪಿಯ ಸಾಲಿಗೆ ತಲೆದೂಗಿದರು. ಆಮೇಲೆ ಅಳಿಯನ ಸಾಲಿಗೆ ಬಂದು ಎಣಿಸಿ, ನಿಂತರು. ಮತ್ತೆ ಮೊದಲಿನಿಂದ ಎಣಿಸಿದರು.

‘ಇದು ಹುಟ್ಟಬಾರದಿತ್ತು’ ಎಂದರು.

‘ಉಟ್ಟೈತಲ್ಲ ಮೇಡಂ!’ ಎಂದೆ ನಾನು, ಹೆರಿಗೆ ಮನೆಯಿಂದ ಗಂಡು ಮಗು ಎಂದು ಕೂಗುವ ಸೂಲಗಿತ್ತಿಯ ಹಾಗೆ.

ಅವರು ಮುಂದಿನ ಅಳಿಯನ ಸಾಲಿಗೆ ಹೋದರು, ಅದರ ಮುಂದಿನದಕ್ಕೆ ಹೋದರು. ಎಲ್ಲ ಭರ್ತಿ. ನೋಟ್‌ಬುಕ್ಕು ಇಸಿದುಕೊಂಡು ನೋಡಿದರು. ಚಳಿ ಚಳಿಯಾಗಿಯೇ ಇತ್ತು. ‘ಸರಿಯಾಗಿ ಬರೆದಿದ್ದೀರಾ?’ ಎಂದರು. ‘ಒಂದಿನವೂ ತಪ್ಪಿಲ್ಲ’ ಎಂದೆ. ಅದು ನಿಜವೇ. ಅವರು ಬದುವಿನ ಮೇಲೆ ಕುಸಿದು ಕೂತರು.

‘ಹಾಗಾದ್ರೆ ನಾನೇ ಪೊಟ್ಟಣ ಅದಲುಬದಲು ಮಾಡಿದೀನಿ. ಅವತ್ತು ಜ್ವರ ಇತ್ತು. ಯಾವ ಸಾಲಿಗೆ ಯಾವ ಬೀಜ ಹೋಗಿದೆಯೋ ಈಗ ದೇವರಿಗೇ ಗೊತ್ತು. ಎಲ್ಲ ಹೋಯ್ತು ಯಜಮಾನ್ರೇ.’

ನನಗೆ ಅರ್ಥವಾದದ್ದು ಆಗ. ಅವರು ಎಣಿಸಲು ಬಂದಿದ್ದು ಹುಟ್ಟಿದ್ದನ್ನಷ್ಟೇ ಅಲ್ಲ, ಹುಟ್ಟದಿದ್ದುದನ್ನೂ. ನಾನು ಮುಚ್ಚಿದ ಒಂದೊಂದು ಖಾಲಿಯೂ ಅವರಿಗೆ ಒಂದೊಂದು ಉತ್ತರವಾಗಿತ್ತು. ಆದರೆ ಬಾಯಿಂದ ಹೊರಟದ್ದು, ‘ಒಂದು ಎಳನೀರು ಕುಡೀರಿ ಮೇಡಂ.’

ಕೆತ್ತಿ ಕೊಟ್ಟೆ. ಕುಡಿದು, ಕಣ್ಣೊರೆಸಿಕೊಂಡು, ಬಸ್ಸು ಹತ್ತಿ ಹೋದರು. ಸೊಟ್ಟ ಗೆರೆಯ ಮೇಷ್ಟ್ರನ್ನು ಅಷ್ಟು ವರ್ಷ ಆಡಿಕೊಂಡ ನಾನು, ಒಂದು ನೆಟ್ಟನೆಯ ಮಾತು ಹೇಳಲಾಗದೆ ಎಳನೀರಿನ ಬುರುಡೆ ಹಿಡಿದುಕೊಂಡು ನಿಂತಿದ್ದೆ.

ನಾಲ್ಕು ದಿನ ಹಾಗೇ ಕಳೆದೆ. ಹೇಳದಿರುವುದಕ್ಕೆ ಕಾರಣಗಳನ್ನು ನಾನು ಗದ್ದೆಯಷ್ಟೇ ಶ್ರದ್ಧೆಯಿಂದ ಬೆಳೆದೆ. ಆದದ್ದು ಆಗಿದೆ, ಹೇಳಿದರೆ ಬರುತ್ತದೆಯೇ. ಓದಿದವರು, ಇನ್ನೊಂದು ದಾರಿ ಹುಡುಕಿಕೊಳ್ಳುತ್ತಾರೆ. ಪೊಟ್ಟಣ ನಿಜವಾಗಿಯೂ ಬದಲಾಗಿದ್ದರೂ ಆಗಿರಬಹುದು, ಯಾರಿಗೆ ಗೊತ್ತು. ಈ ಕೊನೆಯ ಕಾರಣ ನನಗೆ ಬಹಳ ಹಿಡಿಸಿತ್ತು.

ಹೆಂಡತಿಗೆ ನನ್ನ ಊಟ ಕಡಿಮೆಯಾದದ್ದು ಗೊತ್ತಾಗಿ ಕೇಳಿದಳು. ಹೇಳಿದೆ. ಮುದ್ದೆ ತಿರುವುವ ಕೋಲು ಕೈಯಲ್ಲೇ ಇತ್ತು.

‘ಬಸ್ಸಿನೋರು ನಗ್ತಾರೆ ಅಂತ ಆ ಮಗೀನ ಓದ್‌ಗೆ ಮಣ್ಣಾಕ್ಬುಟ್ರಾ?’

‘ನಂಗೇನ್ ಗೊತ್ತಿತ್ತು?’

‘ಅವತ್ತು ಗೊತ್ತಿರ್ನಿಲ್ಲ ಸರಿ. ನಾಕ್ ದಿನದಿಂದ ಗೊತ್ತೈತಲ್ಲ? ಅವಳು ತನ್ನದೇ ತಪ್ಪು ಅಂತ ಅಲ್ಲಿ ಅಳ್ತಾ ಕೂತಿರ್ತಾಳೆ, ನೀವಿಲ್ಲಿ ಉಪ್ಸಾರು ಚೆನ್ನಾಗಿಲ್ಲ ಅಂತೀರ.’

ತಮ್ಮ ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ‘ನಮ್ ಲೈನಲ್ಲೂ ಹಿಂಗೇ ಆಗಿತ್ತು ಕಣಣ್ಣ’ ಎಂದ. ‘ಒಬ್ಬ ಗೀರು ಬಿದ್ದಿರೋ ಪೀಸ್‌ಗಳನ್ನ ರಿಜೆಕ್ಟ್ ಮಾಡದೆ, ಕೂತು ಉಜ್ಜಿ ಉಜ್ಜಿ ನುಣ್ಣಗೆ ಮಾಡಿ ಮುಂದಕ್ಕೆ ತಳ್ತಿದ್ದ. ಭಾಳ ಕೆಲ್ಸಗಾರ, ನಿನ್ನಂಗೆ. ಗೀರು ಯಾವ ಮಿಷನ್ನಲ್ಲಿ ಬೀಳ್ತೈತೆ ಅಂತ ಎಲ್ರೂ ಹುಡುಕ್ತಾನೇ ಇದ್ರು. ಕೆಟ್ಟಿರೋದನ್ನ ಕೆಟ್ಟೈತೆ ಅಂತ ಬರೆಯಕ್ಕೇ ನಂಗೆ ಸಂಬಳ ಕೊಡೋದಣ್ಣ. ಫೋನ್ ಮಾಡಿ ಹೇಳ್ಬುಡು. ಚಳಿ ಇನ್ನೂ ಒಸಿ ದಿನ ಐತೆ.’

ಚಳಿ ಇನ್ನೂ ಇದೆ ಎಂಬುದು ನನಗೆ ಹೊಳೆದಿರಲಿಲ್ಲ. ಪೊಟ್ಟಣದಲ್ಲಿ ಅರ್ಧ ಬೀಜ ಉಳಿದಿದೆ ಎಂಬುದೂ ನೆನಪಾಯಿತು. ನಾನು ಸುಮ್ಮನಿದ್ದ ಒಂದೊಂದು ದಿನವೂ ಆ ಚಳಿಯಿಂದ ಕಳೆದುಹೋದ ದಿನ. ಓಡಿಹೋಗಿ ಬೂತಿನಿಂದ ಫೋನು ಮಾಡಿದರೆ, ಮೇಡಂ ಹಾಸ್ಟೆಲಿನಲ್ಲಿಲ್ಲ, ಅವರ ಸರ್ ಜೊತೆ ನಮ್ಮೂರಿಗೇ ಹೊರಟಿದ್ದಾರೆ ಎಂದರು.

ನಾನು ಗದ್ದೆಗೆ ಬರುವಷ್ಟರಲ್ಲಿ ಜೀಪು ನಿಂತಿತ್ತು. ಸರ್ ವಯಸ್ಸಾದವರು, ಟೋಪಿ ಹಾಕಿಕೊಂಡು ಬದುವಿನ ಮೇಲೆ ನಿಂತು ಮಾತಾಡುತ್ತಿದ್ದರು. ಮೇಡಂ ತಲೆ ತಗ್ಗಿಸಿದ್ದರು. ‘ಪೊಟ್ಟಣದ ಮೇಲೆ ನಂಬರ್ ನೋಡದೆ ಬಿತ್ತೋರಿಗೆ ನಾನು ಇನ್ನೊಂದು ವರ್ಷ ಹ್ಯಾಗೆ ಕೊಡಿಸಲಿ? ಜ್ವರ ಅಂತ ಬರೆಯೋಕಾಗುತ್ತಾ?’ ಎನ್ನುತ್ತಿದ್ದರು.

ನಾನು ದಾರಿಯುದ್ದಕ್ಕೂ ಒಂದು ಗಂಭೀರವಾದ ಮಾತು ಜೋಡಿಸಿಕೊಂಡು ಬಂದಿದ್ದೆ. ರೈತನ ಧರ್ಮ, ಭೂಮಿತಾಯಿ ಎಂದೆಲ್ಲ ಅದರಲ್ಲಿತ್ತು. ಓಡಿ ಬಂದ ಏದುಸಿರಿಗೆ ಅದೆಲ್ಲ ಮರೆತುಹೋಯಿತು.

‘ಸಾ, ಅವ್ರದ್ದೇನೂ ಇಲ್ಲ ಸಾ. ನಾನೇ ತುಂಬಿದ್ದು.’

‘ಏನು ತುಂಬಿದ್ದು?’

‘ಖಾಲಿ ಸಾ. ಉಟ್ದಿರೋ ಕಡೆಯೆಲ್ಲ ನಮ್ಮನೆ ಭತ್ತ ಮೊಳಕೆ ಕಟ್ಟಿ ಒತ್ತಿದೀನಿ. ಐದು ದಿನ.’

ಸರ್ ನನ್ನನ್ನು ನೋಡಿದರು, ಗದ್ದೆಯನ್ನು ನೋಡಿದರು. ‘ಇಷ್ಟೂ ಸಾಲಿಗಾ?’

‘ಒಂದೂ ಬುಟ್ಟಿಲ್ಲ ಸಾ’ ಎಂದೆ. ಅಷ್ಟೊತ್ತಿನಲ್ಲೂ ಆ ಮಾತಿನಲ್ಲಿ ಒಂದು ಎಳೆ ಹೆಮ್ಮೆ ಇಣುಕಿದ್ದು ನನಗೇ ಕೇಳಿಸಿತು.

ಸರ್ ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಅವರು ನಗುತ್ತಿದ್ದರೋ ಏನೋ ತಿಳಿಯಲಿಲ್ಲ. ಮೇಡಂ ನಗಲಿಲ್ಲ. ‘ಅವತ್ತೇ ಯಾಕೆ ಹೇಳಲಿಲ್ಲ?’ ಎಂದರು, ಬಹಳ ಮೆಲ್ಲಗೆ. ‘ನಾಲ್ಕು ದಿನ ನಾನು ನಿದ್ದೆ ಮಾಡಿಲ್ಲ. ಎಳನೀರು ಕೊಟ್ರಿ, ಹೇಳಲಿಲ್ಲ.’ ಯಜಮಾನ್ರೇ ಎಂದು ಸೇರಿಸಲಿಲ್ಲ. ನಾಚಿಕೆಯಾಯ್ತು ಎಂದೆ.

ಸಂಕ್ರಾಂತಿಗೆ ಮೂರು ದಿನ ಮುಂಚೆ ಉಳಿದ ಬೀಜ ತಂದು ಎರಡನೇ ಸಲ ಬಿತ್ತಿದರು. ಇನ್ನು ಬೀಜವಿರಲಿಲ್ಲ, ಇದಾದ ಮೇಲೆ ಚಳಿಯೂ ಇರುತ್ತಿರಲಿಲ್ಲ. ಸರ್ ಬೇರೆಯವರ ಗದ್ದೆ ನೋಡೋಣ ಎಂದಿದ್ದರು. ಬೇರೆ ಗದ್ದೆಗಳು ಇಷ್ಟು ಕೆಟ್ಟದಾಗಿಲ್ಲವಾದ್ದರಿಂದ ನನ್ನದೇ ಗತಿಯಾಯಿತು. ಮೇಡಂ ಈ ಸಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಿಂದ, ‘ಏನೂ ನೆಡಬಾರದು, ಏನೂ ಕೀಳಬಾರದು, ಏನೂ ಹಾಕಬಾರದು’ ಎಂದು ಬರೆದು, ನನ್ನಿಂದ ಜೋರಾಗಿ ಓದಿಸಿದರು. ಓದಿದೆ. ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಮುಂದೆ ನಿಂತು ಓದಿದ್ದು ಅದೇ ಮೊದಲು.

ಆ ಮೂರು ವಾರ ನಾನು ಪಟ್ಟ ಪಾಡು ನನಗೊಬ್ಬನಿಗೇ ಗೊತ್ತು. ಭೂಮಿ ಅಗೆಯುವುದು ಕಷ್ಟವಲ್ಲ. ಖಾಲಿ ಬಿದ್ದ ಸಾಲಿನ ಮುಂದೆ ಕೈಕಟ್ಟಿ ನಿಂತುಕೊಳ್ಳುವುದು ಕಷ್ಟ. ಹೆಬ್ಬೆರಳು ತಾನಾಗಿಯೇ ನೆಲದ ಕಡೆ ಎಳೆಯುತ್ತಿತ್ತು. ತಿಪ್ಪೆಯ ಕಡೆ ಹೋದರೆ ಹೆಂಡತಿ ಹಿಂದಿನಿಂದ ಕೆಮ್ಮುತ್ತಿದ್ದಳು. ಬಸ್ಸಿನ ಹುಡುಗರು ಕಿಟಕಿಯಿಂದ ಕೂಗುತ್ತಿದ್ದರು: ‘ಅಣ್ಣೋ, ಈ ಸಲನೂ ಹುರಿದೇ ಬಿತ್ತಿದ್ದಾ?’ ಉತ್ತರ ಕೊಡಲು ನೂರು ಮಾತಿತ್ತು. ಬೆಳೆಯ ಗುಣ, ಚೂರುಗಳು, ಕೊಬ್ಬರಿ ಎಣ್ಣೆ, ಎಲ್ಲ. ಬಸ್ಸು ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಇಪ್ಪತ್ತೊಂದನೆಯ ದಿನ ಮೇಡಂ ಒಬ್ಬರೇ ಬಂದರು. ನಾನು ಎಣಿಸಿ ಕೂಗುವುದು, ಅವರು ಬರೆಯುವುದು, ಆಮೇಲೆ ಅವರೊಮ್ಮೆ ಎಣಿಸಿ ತಾಳೆ ನೋಡುವುದು. ಬೋಳು ಬಿದ್ದ ಸಾಲುಗಳನ್ನು ನಾನು ಊರಿಗೆಲ್ಲ ಕೇಳುವ ಹಾಗೆ ಕೂಗಬೇಕಾಯಿತು. ‘ಎಂಟು. ಹನ್ನೊಂದು. ಅಳಿಯ, ಮೂರು.’ ಅಳಿಯ ಮೂರು ಎಂದಾಗ ಅವರ ಪೆನ್ಸಿಲು ಸ್ವಲ್ಪ ಗಟ್ಟಿಯಾಗಿ ಊರಿದ್ದು ಕಂಡಿತು. ‘ಸರಿ ಇದೆ’ ಎಂದರು. ಅಷ್ಟು ದಿನಗಳ ಮೇಲೆ ನನ್ನ ಜೊತೆ ಮೊದಲ ಸಲ ಕೆಲಸದ ದನಿಯಲ್ಲಿ ಮಾತಾಡಿದ್ದರು. ‘ಕೆಂಪಿ, ಮೂವತ್ತೊಂದು.’ ‘ಸರಿ ಇದೆ.’

ಗದ್ದೆಯ ಮೂಲೆಗೆ, ನೆರಳು ಬೇಗ ಬೀಳುವ ಕಡೆಗೆ ಬಂದಾಗ ನಾನು ನಿಂತುಬಿಟ್ಟೆ. ಅಲ್ಲೊಂದು ಸಾಲು ತುಂಬಿತ್ತು. ಒಂದು ಖಾಲಿ, ಆಮೇಲೆ ಉದ್ದಕ್ಕೂ ಒಂದೇ ಸಮ. ಅದು ಅಳಿಯನದೂ ಅಲ್ಲ, ಕೆಂಪಿಯದೂ ಅಲ್ಲ. ಅವರ ಮೊಮ್ಮಕ್ಕಳ ಸಾಲು. ಹಿಂದಿನ ವಾರ ಅದರಲ್ಲಿ ಮೊಳಕೆ ಬರುತ್ತಿದ್ದುದನ್ನು ನೋಡಿದ್ದೆ, ಇಷ್ಟು ಬರುತ್ತದೆಂದು ಎಣಿಸಿರಲಿಲ್ಲ.

‘ಎಷ್ಟು?’ ಎಂದರು ಮೇಡಂ.

‘ನಮ್ಮವ್ವನಾಣೆ ನಾನು ಮುಟ್ಟಿಲ್ಲ ಮೇಡಂ’ ಎಂದೆ.

ಅವರು ಎದ್ದು ಬಂದರು. ಸಾಲಿನ ಉದ್ದಕ್ಕೂ ಮಂಡಿಯೂರಿ ಎಣಿಸಿದರು. ಮೂವತ್ತೊಂಬತ್ತು. ತುದಿಯ ಒಂದು ಪೈರಿನ ಬುಡದ ಮಣ್ಣನ್ನು ಕಡ್ಡಿಯಿಂದ ಬಿಡಿಸಿ ನೋಡಿದರು, ತಾವು ಬಿಟ್ಟ ಆಳಕ್ಕೇ ಇದೆಯೇ ಎಂದು. ಇನ್ನೊಂದನ್ನು ಬಿಡಿಸಲು ಕಡ್ಡಿ ಇಟ್ಟವರು ತಡೆದು, ತಲೆಯೆತ್ತಿ ನನ್ನ ಮುಖ ನೋಡಿದರು. ಇಡೀ ಗದ್ದೆಯಲ್ಲಿ ಅವರು ಹುಡುಕುತ್ತಿದ್ದ ಸಾಲು ಅದೊಂದೇ, ಅದು ನಿಜವೆನ್ನಲು ಅವರಿಗಿದ್ದ ಸಾಕ್ಷಿ ನಾನೊಬ್ಬನೇ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಕಡ್ಡಿಯನ್ನು ಪಕ್ಕಕ್ಕಿಟ್ಟು, ಬಿಡಿಸಿದ ಮಣ್ಣನ್ನು ಮತ್ತೆ ಬುಡಕ್ಕೆ ಸರಿಸಿದರು.

‘ಜೋರಾಗಿ ಕೂಗಿ ಯಜಮಾನ್ರೇ’ ಎಂದರು. ‘ನೀವು ಕೂಗಿದ್ರೆ ತಾನೇ ನಾನು ಬರೆಯೋದು?’

‘ಮೂವತ್ತೊಂಬತ್ತು’ ಎಂದು ಕೂಗಿದೆ. ಬರೆದುಕೊಂಡರು.